ಇಂದು ಮಧ್ಯಾಹ್ನ

ಎರಡನೇ ಪುಟದ ತುಂಬ ಅಧ್ಯಕ್ಷರು ನಗುತ್ತಿದ್ದರು.

ಮೀಟರ್ ಮಾವ ಗೇಟಿನ ಬಳಿಯೇ ನಿಂತು ಪತ್ರಿಕೆಯನ್ನು ಮಡಚಿ, ಕಣ್ಣೊರೆಸಿಕೊಂಡು, ಮತ್ತೆ ಬಿಡಿಸಿದ. ಅದೇ ನಗು. ಪುಟದ ನೆತ್ತಿಯಿಂದ ಪಾದದವರೆಗೆ ಪುರಸಭೆಯ ಅಧ್ಯಕ್ಷರದೊಂದು ಬಣ್ಣದ ಚಿತ್ರ, ಅಂಚಿನುದ್ದಕ್ಕೂ ಅಂಚೆಚೀಟಿಯಷ್ಟಷ್ಟು ಗಾತ್ರದ ಹಿಂಬಾಲಕರ ಮುಖಗಳು, ಕೆಳಗೆ ಹುಟ್ಟುಹಬ್ಬದ ಶುಭಾಶಯ. ಅವನು ಮೂರನೇ ಪುಟ ನೋಡಿದ, ನಾಲ್ಕನೆಯದು ನೋಡಿದ. ಆಟೋಟದ ಸುದ್ದಿಗಳ ನಡುವೆ ಹುಡುಕಿದ, ಕಾಳಿನ ಧಾರಣೆಯ ಕೆಳಗೆ ಹುಡುಕಿದ, ಮನೆ ಬಾಡಿಗೆಗಿದೆ ಎಂಬ ಸಾಲುಗಳ ಮೇಲೂ ಬೆರಳಾಡಿಸಿದ. ಅವನ ಹೆಂಡತಿ ಎಲ್ಲೂ ಇರಲಿಲ್ಲ.

ಅವಳಿದ್ದದ್ದು ಒಳಗೆ, ನಡುಮನೆಯಲ್ಲಿ, ಮಂಜುಗಡ್ಡೆಯ ಹಾಸಿನ ಮೇಲೆ. ಹಿಂದಿನ ದಿನ ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದವಳು "ಯಾಕೋ ಎದೆ ಹಿಡ್ಕೊಂಡಂಗಾಗ್ತಿದೆ" ಎಂದು ಗೋಡೆಗೆ ಕೈಯೂರಿ ಕುಳಿತಿದ್ದಳು. ಡಾಕ್ಟರು ಬರುವಷ್ಟರಲ್ಲಿ ಡಾಕ್ಟರಿಗೆ ಮಾಡಲು ಏನೂ ಉಳಿದಿರಲಿಲ್ಲ. ಬೇರೆ ಊರಿನಲ್ಲಿ ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದ ಒಬ್ಬಳೇ ಮಗಳು ಮಧ್ಯಾಹ್ನಕ್ಕೆಲ್ಲ ಬಸ್ಸಿಳಿದು ಬಂದಳು. ಬಂದವಳು ಅತ್ತು, ಮುಖ ತೊಳೆದುಕೊಂಡು, "ಸಂಜೆಯೊಳಗೆ ಮುಗಿಸಿಬಿಡೋಣ ಅಪ್ಪ" ಎಂದಿದ್ದಳು. ಮೀಟರ್ ಮಾವ ಒಪ್ಪಿರಲಿಲ್ಲ.

"ಇವತ್ತು ಯಾರಿಗೂ ಗೊತ್ತಿಲ್ಲ. ನಾಳೆ ಪೇಪರಲ್ಲಿ ಬರುತ್ತೆ. ಮಧ್ಯಾಹ್ನ ಅಂತ ಬರೆಸಿ ಕೊಟ್ಟು ಬಂದಿದೀನಿ. ಜನ ನೋಡ್ಕೊಂಡು ಬರಲಿ."

"ಫೋನ್ ಮಾಡಿ ಹೇಳಿದ್ರೆ ಈಗ್ಲೇ ಬರ್ತಾರಲ್ಲ."

"ಫೋನ್ ಮಾಡಿ ಕರೆಯೋಕೆ ಇದೇನು ನಿನ್ನ ಮದುವೆಯಾ? ಪೇಪರ್ ನೋಡಿ ತಾವಾಗೇ ಬರ್ಬೇಕು. ಅದು ಮರ್ಯಾದೆ."

ಈ ಮರ್ಯಾದೆಯ ವಿಷಯದಲ್ಲಿ ಅವನಿಗೆ ಎದುರಾಡುವವರು ಆ ಊರಿನಲ್ಲೇ ಇರಲಿಲ್ಲ. ಕರೆಂಟಿನ ಮೀಟರು ಓದುತ್ತ ನೌಕರಿಯ ವಯಸ್ಸೆಲ್ಲ ಕಳೆದವನು ಅವನು. ತಿಂಗಳಿಗೊಮ್ಮೆ ಪ್ರತಿ ಮನೆಯ ಮೆಟ್ಟಿಲು ಹತ್ತಿ, "ಮೀಟರ್" ಎಂದು ಕೂಗಿ, ಕತ್ತೆತ್ತಿ ಅಂಕಿ ನೋಡಿ, ನೀರು ಕೊಟ್ಟವರಲ್ಲಿ ನೀರು ಕುಡಿದು, ಮಕ್ಕಳು ಎಷ್ಟನೇ ಕ್ಲಾಸು ಎಂದು ವಿಚಾರಿಸಿ ಇಳಿಯುತ್ತಿದ್ದ. ಮಕ್ಕಳು ಇಟ್ಟ ಹೆಸರೇ ದೊಡ್ಡವರ ಬಾಯಲ್ಲೂ ನಿಂತಿತ್ತು. ಹೀಗೆ ಊರಿಗೆಲ್ಲ ಮಾವನಾದವನು ಊರಿನ ಸಾವುಗಳಿಗೂ ಹೋಗದೆ ಇರಲು ಸಾಧ್ಯವೇ? ಬೆಳಿಗ್ಗೆ ಎದ್ದು ಮೊದಲು ಎರಡನೇ ಪುಟ ತೆಗೆಯುತ್ತಿದ್ದ. ಸತ್ತವರ ಹೆಸರು ಓದಿ, ಅವರ ಮನೆಯ ಮೀಟರು ಯಾವ ಗೋಡೆಯಲ್ಲಿತ್ತು ಎಂದು ನೆನಪಿಸಿಕೊಂಡು, ಬಿಳಿ ಅಂಗಿ ತೊಟ್ಟು ಹೊರಟುಬಿಡುತ್ತಿದ್ದ. ನಿವೃತ್ತನಾದ ಮೇಲಂತೂ ಅದೇ ಒಂದು ನೌಕರಿಯಾಯಿತು. ಅಳುವವರ ಹತ್ತಿರ ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವಾಗ ಹೆಗಲು ಬದಲಾಯಿಸಬೇಕು, ಬಾಗಿಲು ಕಿರಿದಾದ ಮನೆಯಿಂದ ದೇಹವನ್ನು ಯಾವ ಕಡೆಯಿಂದ ಓರೆ ಮಾಡಿ ತರಬೇಕು, ಇವೆಲ್ಲ ಅವನಿಗೆ ಅಂಗೈಯಷ್ಟು ಪರಿಚಿತ. "ಧೈರ್ಯ ತಂದ್ಕೊಳ್ಳಿ, ನಾವೆಲ್ಲ ಇದೀವಿ" ಎಂದು ಅವನು ಹೇಳುವ ರೀತಿಗೇ ಎಷ್ಟೋ ಜನ ಹೊಸದಾಗಿ ಅಳಲು ಶುರುಮಾಡುತ್ತಿದ್ದರು. ಮೀಟರ್ ಮಾವ ಬರದೆ ಹೆಣ ಏಳುವುದಿಲ್ಲ ಎಂದು ಊರಿನಲ್ಲಿ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯೆಂದು ಅವನಿಗೆ ಒಮ್ಮೆಯೂ ಅನಿಸಿರಲಿಲ್ಲ.

"ನೋಡ್ತಿರು," ಎಂದಿದ್ದ ಹೆಂಡತಿಗೆ ಒಮ್ಮೆ, ಸ್ಮಶಾನದಿಂದ ಬಂದು ಬಚ್ಚಲಲ್ಲಿ ನೀರು ಸುರಿದುಕೊಳ್ಳುತ್ತ. "ನಮ್ಮನೇಲಿ ಏನಾದ್ರೂ ಆದ ದಿನ ಈ ಬೀದೀಲಿ ಕಾಲಿಡೋಕೆ ಜಾಗ ಇರಲ್ಲ."

"ಅಷ್ಟು ಜನಕ್ಕೆ ಕಾಫಿ ಯಾರು ಮಾಡ್ತಾರೆ?" ಎಂದಿದ್ದಳು ಅವಳು ಆಚೆಯಿಂದ. ಅಷ್ಟೇ ಅಂದು ಟವಲನ್ನು ಬಾಗಿಲ ಮೇಲೆ ಎಸೆದು ಹೋಗಿದ್ದಳು.

ಪತ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಮೀಟರ್ ಮಾವ ಸ್ಕೂಟರು ಹತ್ತಿದ. ಮಗಳು ಹೊಸಿಲಲ್ಲಿ ನಿಂತು "ಎಲ್ಲಿಗೆ?" ಎನ್ನುವಷ್ಟರಲ್ಲಿ ಸ್ಕೂಟರು ಬೀದಿಗಿಳಿದಿತ್ತು.

ಪತ್ರಿಕೆಯ ಕಚೇರಿಯೆಂದರೆ ಕೆಳಗೆ ಅಚ್ಚಿನ ಯಂತ್ರ, ಮೇಲೆ ಸಂಪಾದಕನ ಮನೆ. ಸಂಪಾದಕ ಬನಿಯನ್ನಿನಲ್ಲಿ, ಹಲ್ಲುಜ್ಜುವ ಬ್ರಷ್ಷು ಹಿಡಿದೇ ಕೆಳಗಿಳಿದು ಬಂದ. ಅವನ ಅಪ್ಪ ಸತ್ತಾಗ ಮುಂದಿನ ಬಲಗಡೆಯ ಹೆಗಲು ಮೀಟರ್ ಮಾವನದೇ ಆಗಿತ್ತು.

"ಬನ್ನಿ ಮಾವ. ನೀವು ಬರ್ತೀರ ಅಂತ ಗೊತ್ತಿತ್ತು."

"ನನ್ನ ಹೆಂಡ್ತಿ ಎಲ್ಲಿ?"

"ನಾಳೆ ಇದಾರೆ," ಎಂದ ಸಂಪಾದಕ. ತಾನು ಹೇಳಿದ್ದು ಕೇಳಿಸಿ ತಾನೇ ಒಂದು ಕ್ಷಣ ತಡವರಿಸಿದ. "ಕೂತ್ಕೊಳ್ಳಿ. ನೋಡಿ, ಕೊನೇ ಗಳಿಗೇಲಿ ಅಧ್ಯಕ್ಷರ ಕಡೆಯೋರು ಪೂರ್ತಿ ಪುಟ ಬೇಕು ಅಂತ ಬಂದ್ಬಿಟ್ರು. ಬೇರೆ ಪುಟ ಎಲ್ಲ ಅಚ್ಚಿಗೆ ಹೋಗಿತ್ತು, ಎರಡನೇದೊಂದೇ ಉಳಿದಿದ್ದು. ನಿಧನವಾರ್ತೆ ಅಷ್ಟೂ ಎತ್ತಿ ನಾಳೆಗಿಟ್ವಿ. ನಿಮ್ಮೊಬ್ರದ್ದೇ ಅಲ್ಲ, ಬೇರೆಯೋರದ್ದೂ ಇದೆ."

"ಅವ್ರದ್ದೂ ಇವತ್ತೇ ಮಣ್ಣಾ?"

"ಇಲ್ಲ, ಅವ್ರದ್ದೆಲ್ಲ ಆಗ್ಹೋಗಿದೆ."

"ಹುಟ್ಟುಹಬ್ಬಾನ ನಾಳೆ ಹಾಕಿದ್ರೆ ಆಗ್ತಿರ್ಲಿಲ್ವಾ?"

"ಹುಟ್ಟಿದ ದಿನ ಇವತ್ತಾದ್ರೆ ನಾಳೆ ಹೆಂಗೆ ಹಾಕೋದು ಮಾವ?" ಸಂಪಾದಕ ನಿಜವಾಗಿಯೂ ಆಶ್ಚರ್ಯಪಟ್ಟ.

ಮೀಟರ್ ಮಾವ ಯಂತ್ರದ ಕಡೆ ತಿರುಗಿದ. ಯಂತ್ರದ ಪಕ್ಕದಲ್ಲಿ ಹಂಚದೆ ಉಳಿದ ಪತ್ರಿಕೆಗಳ ಕಟ್ಟು ಬಿದ್ದಿತ್ತು. ಅದರ ಮೇಲೂ ಅಧ್ಯಕ್ಷರೇ. ಸಂಪಾದಕ ಮೂಲೆಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಹತ್ತಿರ ಕುಳಿತು, ದನಿ ತಗ್ಗಿಸಿದ.

"ಒಂದು ಮಾತು. ಹೆಂಗೂ ಐಸ್ ಇಟ್ಟಿದೀರಲ್ಲ. ಒಂದು ದಿನ ಮುಂದಕ್ಕೆ ಹಾಕೋಕಾಗಲ್ವಾ? ನಾಳೆ ಮುಖಪುಟದಲ್ಲೇ ಹಾಕ್ತೀನಿ. ಫೋಟೋ ಇಷ್ಟು ದೊಡ್ಡದು. ನೀವು ಅಂದ್ರೆ ನನಗೆ ಬೇರೆಯೋರ ಥರ ಅಲ್ಲ."

ಆ ಕ್ಷಣಕ್ಕೆ ಪತ್ರಿಕೆಯನ್ನು ಅವನ ಮುಖಕ್ಕೆ ಎಸೆದು ಬರಬೇಕಿತ್ತು ಎಂದು ಮೀಟರ್ ಮಾವನಿಗೆ ಆಮೇಲೆ ಎಷ್ಟೋ ಸಲ ಅನಿಸಿತು. ಆ ಕ್ಷಣದಲ್ಲಿ ಹಾಗೆ ಅನಿಸಲಿಲ್ಲ. "ಮನೇಲಿ ಕೇಳ್ತೀನಿ" ಎಂದು ಎದ್ದ. ಎದ್ದವನು ರಸ್ತೆಯ ತಿರುವು ದಾಟುವ ಮುನ್ನವೇ, ಇನ್ನೊಂದು ದಿನಕ್ಕೆ ಮಂಜುಗಡ್ಡೆ ಎಷ್ಟು ಬೇಕಾದೀತು, ಕಾರ್ಖಾನೆ ಬೆಳಿಗ್ಗೆ ಎಷ್ಟೊತ್ತಿಗೆ ತೆರೆಯುತ್ತದೆ ಎಂದು ಯೋಚಿಸುತ್ತಿದ್ದ. ಮುಖಪುಟದಲ್ಲಿ ಹೆಂಡತಿಯ ಮುಖ. ಈ ಊರಿನಲ್ಲಿ ಮುಖಪುಟಕ್ಕೆ ಬಂದ ಹೆಂಗಸು ಯಾರಿದ್ದಾರೆ?

ಮನೆಯಲ್ಲಿ ಬಾಡಿಗೆ ಕುರ್ಚಿಗಳು ಬಂದಿದ್ದವು. ಅಂಗಳದಲ್ಲಿ ಸಾಲಾಗಿ, ಗೇಟಿನಾಚೆ ಬೀದಿಯ ಅರ್ಧದವರೆಗೂ, ಅವನು ಹೇಳಿಟ್ಟಂತೆಯೇ ಹಾಕಿದ್ದರು. ಮಗಳು ತಾಯಿಯ ತಲೆಯ ಬಳಿ ಕುಳಿತು ಕರಗಿದ ನೀರನ್ನು ಬಟ್ಟೆಯಿಂದ ಹೀರಿ ಬಕೆಟ್ಟಿಗೆ ಹಿಂಡುತ್ತಿದ್ದಳು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಪುಟದ ಕತೆಯನ್ನೆಲ್ಲ ಹೇಳಿ, ಕೊನೆಗೆ ಆ ಮಾತನ್ನೂ ಹೇಳಿದ.

ಮಗಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಈ ನೀರು ನಿನ್ನೆಯಿಂದ ಯಾರು ಎತ್ತಿ ಹಾಕ್ತಿದಾರೆ ಗೊತ್ತಾ ಅಪ್ಪ? ಅವಳ ಕೈ ಹಿಡ್ಕೊಳ್ಳೋಣ ಅಂದ್ರೆ ನನ್ನ ಕೈ ಮರಗಟ್ಟುತ್ತೆ. ಇನ್ನೊಂದು ದಿನ ಅಂತೀಯಲ್ಲ, ಯಾರಿಗೋಸ್ಕರ?"

"ಅವಳಿಗೋಸ್ಕರಾನೇ. ಒಂದು ಗೌರವ ಬೇಡ್ವಾ? ನಾನು ಊರೋರಿಗೆಲ್ಲ ಹೋಗಿದೀನಿ."

"ನೀನು ಹೋಗಿದೀಯ. ಅವಳು ಯಾವತ್ತಾದ್ರೂ ಹೋಗಿದ್ಲಾ? ಮದುವೆಮನೇಗೆ ಹೋದ್ರೂ ಅಡುಗೆಮನೆ ಹುಡುಕ್ಕೊಂಡು ಹೋಗಿ ಕೂರ್ತಿದ್ಲು." ಬಕೆಟ್ಟನ್ನು ಎತ್ತಿಕೊಂಡು ಎದ್ದಳು. "ಇವತ್ತು ಮಧ್ಯಾಹ್ನ. ನೀನು ಬರದಿದ್ರೂ ನಾನು ಕರ್ಕೊಂಡು ಹೋಗ್ತೀನಿ."

ಕರೆದುಕೊಂಡು ಹೋಗುತ್ತೇನೆ ಎಂದಳು, ತಾಯಿಯನ್ನು ಆಸ್ಪತ್ರೆಗೋ ಅಂಗಡಿಗೋ ಕರೆದುಕೊಂಡು ಹೋಗುವವಳಂತೆ. ಮೀಟರ್ ಮಾವ ಎದ್ದು ಅಂಗಳದ ಕುರ್ಚಿಗಳತ್ತ ನಡೆದ.

ಅವಳೇ ಕೆಲವರಿಗೆ ಫೋನ್ ಮಾಡಿದಳು. ಅವನ ಫೋನಿನಲ್ಲಿ ಯಾವ ಹೆಸರು ಯಾರದೆಂದು ಅವಳಿಗೆ ಗೊತ್ತಿರಲಿಲ್ಲ, ಅವನು ಹೇಳಿಕೊಡಲಿಲ್ಲ. ಕರೆದ ಮೇಲೆ ಬಂದವರ ಮುಂದೆ ತಾನು ಹೇಗೆ ತಲೆಯೆತ್ತಿ ನಿಲ್ಲುವುದು ಎಂಬುದೇ ಅವನ ಹಟ. ಬೆಳಗಿನ ಹೊತ್ತಲ್ಲವೇ, ಕೆಲವರು ಎತ್ತಲಿಲ್ಲ, ಕೆಲವರು ಆಫೀಸಿಗೆ ಹೊರಟಿದ್ದರು. ಕೊನೆಗೆ ಬಂದವರೆಂದರೆ ಪಕ್ಕದ ಮನೆಯ ಗಂಡಹೆಂಡತಿ, ಹಾಲು ಹಾಕುವವನು, ಮೀಟರ್ ಮಾವನ ಹಳೆಯ ಆಫೀಸಿನ ಒಬ್ಬ ಗುಮಾಸ್ತ, ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದಿದ್ದ ಮೂಲೆಯ ದರ್ಜಿ. ಎಲ್ಲರೂ ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರಾಗಿ ಕುಳಿತಿದ್ದರಿಂದ ಅಂಗಳ ಇನ್ನಷ್ಟು ಖಾಲಿಯಾಗಿ ಕಾಣುತ್ತಿತ್ತು. ಮೀಟರ್ ಮಾವ ಗೇಟಿಗೆ ಹೋಗಿ ಬೀದಿಯ ಕೊನೆಯವರೆಗೆ ನೋಡಿ ಬರುತ್ತಿದ್ದ. ಶವವಾಹನ ಬಂದು ನಿಂತಿತು. "ಇನ್ನೊಂದು ಸ್ವಲ್ಪ ಹೊತ್ತು" ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಹಾಗೇ ಎಂದ. ಚಾಲಕ ಬೀಡಿ ಆರಿಸಿ ಬಂದು, "ಯಜಮಾನ್ರೇ, ನನಗೆ ಇನ್ನೊಂದು ಕಡೆ ಹೋಗ್ಬೇಕು. ಅಲ್ಲೂ ಕಾಯ್ತಿರ್ತಾರೆ" ಎಂದ. ಅಲ್ಲಿ ಎಷ್ಟು ಜನ ಸೇರಿದ್ದಾರೆ ಎಂಬ ಪ್ರಶ್ನೆ ಮೀಟರ್ ಮಾವನ ನಾಲಿಗೆಯ ತುದಿಗೆ ಬಂದು ನಿಂತಿತು.

ಎತ್ತಲು ಆಳು ಸಾಲಲಿಲ್ಲ. ಗುಮಾಸ್ತನಿಗೆ ಬೆನ್ನುನೋವು, ದರ್ಜಿಗೆ ಮಂಡಿನೋವು, ಹಾಲಿನವನು ಕಾದು ಕಾದು ಹೊರಟುಹೋಗಿದ್ದ. ಹಿಂದಿನ ಎಡಗಡೆಗೆ ಚಾಲಕನೇ ಹೆಗಲು ಕೊಟ್ಟ, ಮುಂದೆ ಬಲಗಡೆಗೆ ಮಗಳು. ಬಾಗಿಲಲ್ಲಿ ಓರೆ ಮಾಡುವಾಗ ಕಾಲಿನ ಕಡೆ ಚೌಕಟ್ಟಿಗೆ ತಗುಲಿತು. ಊರಿನ ಎಲ್ಲ ಬಾಗಿಲುಗಳಲ್ಲೂ "ನಿಧಾನ, ಎಡಕ್ಕೆ, ಎಡಕ್ಕೆ" ಎಂದು ಹೇಳಿ ದಾಟಿಸಿದ್ದವನಿಗೆ ತನ್ನ ಮನೆಯ ಬಾಗಿಲಲ್ಲಿ ಬಾಯಿ ಬರಲಿಲ್ಲ. ಸ್ಮಶಾನದಲ್ಲಿ ಗುಂಡಿ ತೋಡಿದವರು ಗಾಡಿಯ ಹಿಂದೆ ಇನ್ನೂ ಜನ ಬರುತ್ತಿರಬಹುದೆಂದು ಸ್ವಲ್ಪ ಹೊತ್ತು ನೋಡಿ, ಆಮೇಲೆ ಗುದ್ದಲಿ ಎತ್ತಿಕೊಂಡರು. ಬೇಗ ಮುಗಿಯಿತು. ಇಷ್ಟು ಬೇಗ ಮುಗಿಯುವ ಕೆಲಸವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಸಂಪಾದಕ ಮುಖಪುಟದ ಮಾತು ಉಳಿಸಿಕೊಳ್ಳುತ್ತಾನೆಂದು ಮಾರನೆಯ ದಿನ ಪತ್ರಿಕೆ ಬರುವವರೆಗೂ ಅವನು ನಿರೀಕ್ಷಿಸಿಯೇ ಇರಲಿಲ್ಲ. ಮುಖಪುಟದ ಕೆಳಗಿನ ಅರ್ಧದಲ್ಲಿ ಹೆಂಡತಿಯ ಮುಖ ದೊಡ್ಡದಾಗಿತ್ತು. ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿದ್ದು. ಯಾರೋ ಕರೆದರೆಂದು ಅತ್ತ ತಿರುಗುತ್ತಿದ್ದ ಮುಖ. ಅವನು ಚಿತ್ರವನ್ನೇ ಬಹಳ ಹೊತ್ತು ನೋಡಿದ. ಸತ್ಯ ಹೇಳಬೇಕೆಂದರೆ ಅವನಿಗೆ ಹೆಮ್ಮೆಯೆನಿಸಿತು. ಸರಳ ಸಜ್ಜನಿಕೆ, ಪತಿ, ಪುತ್ರಿ, ಅಪಾರ ಬಂಧುಬಳಗ ಎಂಬುದನ್ನೆಲ್ಲ ಓದಿ ಕೊನೆಯ ಸಾಲಿಗೆ ಬಂದ. ಅಂತ್ಯಕ್ರಿಯೆ ಇಂದು ಮಧ್ಯಾಹ್ನ, ಎಂದಿತ್ತು.

ಬರೆದುಕೊಟ್ಟ ಸಾಲು ಒಂದಕ್ಷರವೂ ಬದಲಾಗದೆ ಬಂದಿತ್ತು. ಅದನ್ನು ಬದಲಿಸಬೇಕೆಂದು ಅವನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಫೋನ್ ಮಾಡಿದ.

"ಮುಗಿಸೇಬಿಟ್ರಾ?" ಎಂದ ಸಂಪಾದಕ. "ಮನೇಲಿ ಕೇಳ್ತೀನಿ ಅಂದ್ರಲ್ಲ, ಮುಂದಕ್ಕೆ ಹಾಕಿದ್ರಿ ಅಂದ್ಕೊಂಡೆ. ಒಂದು ಮಾತು ಹೇಳ್ಬಾರ್ದಿತ್ತಾ ಮಾವ? ಈಗ ನೋಡಿ, ನನ್ನ ಪೇಪರ್ ಸುಳ್ಳಾಯ್ತು."

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿರುವಾಗಲೇ ಜನ ಬರಲಾರಂಭಿಸಿದರು. ಮೊದಲು ಬಂದವರು ನಿವೃತ್ತ ಮೇಷ್ಟ್ರು, ಹೂಮಾಲೆ ಹಿಡಿದು. ಅವರಿಗೆ ವಿಷಯ ಹೇಳುತ್ತಿರುವಾಗಲೇ ಔಷಧದಂಗಡಿಯವನು, ಅವನ ಹಿಂದೆ ಬ್ಯಾಂಕಿನವರು, ಬೀದಿಯ ಕೊನೆಯ ಹೋಟೆಲಿನ ಯಜಮಾನ, ಮೀಟರ್ ಮಾವ ಹೆಗಲು ಕೊಟ್ಟಿದ್ದ ಎಷ್ಟೋ ಮನೆಗಳ ಮಕ್ಕಳು, ಸೊಸೆಯಂದಿರು. ಕುರ್ಚಿ ಬಾಡಿಗೆಯವನು ಇನ್ನೂ ಎತ್ತಿಕೊಂಡು ಹೋಗಿರಲಿಲ್ಲ. ಕುರ್ಚಿಗಳೆಲ್ಲ ತುಂಬಿದವು. ತುಂಬಿದ ಮೇಲೆ ಜನ ಬೀದಿಯಲ್ಲಿ ನಿಂತರು. ಅತ್ತಿತ್ತ ಹೋಗುವ ಗಾಡಿಗಳು ಹಾರನ್ನು ಒತ್ತಿ, ಸಾವೆಂದು ತಿಳಿದು, ಸುತ್ತು ಹಾಕಿ ಹೋದವು.

ಮೀಟರ್ ಮಾವ ಗೇಟಿನಲ್ಲಿ ನಿಂತು ಒಬ್ಬೊಬ್ಬರಿಗೂ ಅದನ್ನೇ ಹೇಳಿದ. ಪೇಪರಿನವರ ತಪ್ಪು. ನಿನ್ನೆಯೇ ಆಯಿತು. ಜನ ಲೊಚಗುಟ್ಟುತ್ತಿದ್ದರು. ತಂದ ಹಾರಗಳನ್ನು ಏನು ಮಾಡುವುದೆಂದು ತಿಳಿಯದೆ ಕೈ ಬದಲಾಯಿಸುತ್ತಿದ್ದರು. ಆಮೇಲೆ ಯಾರೋ ಗೇಟಿಗೆ ನೇತುಹಾಕಿದರು, ಎಲ್ಲರೂ ಅದನ್ನೇ ಅನುಸರಿಸಿದರು.

"ಅರ್ಧ ದಿನ ರಜ ಹಾಕಿ ಬಂದಿದ್ದೆ" ಎಂದ ಬ್ಯಾಂಕಿನವನು, ಬೇಸರ ತೋರಿಸಬಾರದೆಂದು ಬಹಳ ಪ್ರಯತ್ನಪಟ್ಟು.

"ನಿನ್ನೇನೇ ಮುಗಿಸಿದ್ರಾ?" ಎಂದರು ಮೇಷ್ಟ್ರು ಎರಡನೇ ಸಲ, ಎಲ್ಲರಿಗೂ ಕೇಳುವಂತೆ. "ಸತ್ತ ಮಾರನೇ ದಿನಾನೇ? ಅಂಥಾ ಅವಸರ ಏನಿತ್ತು? ನೀವೇ ಹಿಂಗೆ ಮಾಡಿದ್ರೆ ಹೆಂಗೆ? ಊರಿನ ಮೊದಲ ಹೆಗಲು ನಿಮ್ದು. ನಮಗೂ ಒಂದು ಋಣ ತೀರ್ಸೋ ಅವಕಾಶ ಬೇಡ್ವಾ?"

ಸುತ್ತ ಇದ್ದವರು ತಲೆಯಾಡಿಸಿದರು. ಎಲ್ಲರ ಕಣ್ಣೂ ಅವನ ಮೇಲಿತ್ತು. ನಾನು ಕಾದೆ, ನೀವು ಬರಲಿಲ್ಲ ಎಂದು ಹೇಳಬಹುದಿತ್ತು. ಪೇಪರಿಗಾಗಿ ಅವಳನ್ನು ಮಂಜಿನ ಮೇಲೆ ಮಲಗಿಸಿದ್ದೆ, ಇನ್ನೊಂದು ದಿನ ಮಲಗಿಸಲೂ ತಯಾರಿದ್ದೆ ಎಂದು ಹೇಳಬಹುದಿತ್ತು. ಮೀಟರ್ ಮಾವ ತಲೆ ತಗ್ಗಿಸಿ, ಮೆಲ್ಲಗೆ, ಸಾವಿನ ಮನೆಯಲ್ಲಿ ಆಡುವ ತನ್ನ ಎಂದಿನ ದನಿಯಲ್ಲಿ ಹೇಳಿದ:

"ಮಗಳಿಗೆ ರಜ ಇರ್ಲಿಲ್ಲ. ಅವಳೇ ಅವಸರ ಮಾಡಿದ್ಲು. ನಾನು ಕಾಯೋಣ ಅಂದೆ."

ಹೇಳಿದ ಕೂಡಲೇ ಎದೆ ಹಗುರಾಯಿತು. ಜನರ ಮುಖಗಳೂ ಸಡಿಲಾದವು. "ಈಗಿನ ಮಕ್ಕಳಿಗೆ ಎಲ್ಲಾ ಬೇಗ ಆಗ್ಬೇಕು" ಎಂದರು ಯಾರೋ. ಹೋಟೆಲಿನ ಯಜಮಾನ ಅವನ ಭುಜದ ಮೇಲೆ ಕೈಯಿಟ್ಟು, "ಧೈರ್ಯ ತಂದ್ಕೊಳ್ಳಿ ಮಾವ, ನಾವೆಲ್ಲ ಇದೀವಿ" ಎಂದ. ಮೀಟರ್ ಮಾವ ಕಣ್ಣೊರೆಸಿಕೊಂಡ. ಒರೆಸಿಕೊಳ್ಳುತ್ತಲೇ ಬೆರಳ ಸಂದಿಯಿಂದ ಬೀದಿಯ ಕಡೆ ನೋಡಿದ. ಕಾಲಿಡಲು ಜಾಗವಿರಲಿಲ್ಲ.

ಅಷ್ಟರಲ್ಲಿ ಬಿಳಿಯ ಕಾರೊಂದು ಬಂದು ನಿಂತಿತು. ಗುಂಪು ಎರಡಾಗಿ ಸೀಳಿತು. ಅಧ್ಯಕ್ಷರು ಇಳಿದರು, ಅವರ ಹಿಂದೆ ಅಂಚೆಚೀಟಿಯ ಮುಖಗಳು, ಅವುಗಳ ಹಿಂದೆ ಸಂಪಾದಕ ಮತ್ತು ಅವನ ಫೋಟೋಗ್ರಾಫರು. ಅಧ್ಯಕ್ಷರ ಕೈಯಲ್ಲಿದ್ದ ಹಾರ ಎಲ್ಲರದಕ್ಕಿಂತ ದಪ್ಪವಿತ್ತು. ಹಾಕಬೇಕಾದ ಜಾಗ ಹುಡುಕುತ್ತ ಅವರ ಕಣ್ಣು ಅಂಗಳವನ್ನೆಲ್ಲ ಸುತ್ತಿತು. ಸಂಪಾದಕ ಕಿವಿಯಲ್ಲಿ ಏನೋ ಹೇಳಿದ.

"ಪರವಾಗಿಲ್ಲ," ಎಂದರು ಅಧ್ಯಕ್ಷರು ಉದಾರವಾಗಿ. "ಒಂದು ಫೋಟೋ ಇದ್ರೆ ಕೊಡಿ, ಅದಕ್ಕೇ ಹಾಕೋಣ."

ಮನೆಯಲ್ಲಿ ಚೌಕಟ್ಟು ಹಾಕಿದ ಫೋಟೋ ಇರಲಿಲ್ಲ. ಇದ್ದದ್ದು ಪತ್ರಿಕೆಗೆ ಕೊಟ್ಟಿದ್ದು. ಕೊನೆಗೆ ಆ ದಿನದ ಪತ್ರಿಕೆಯನ್ನೇ ಹೆಂಡತಿಯ ಮುಖ ಮೇಲಿರುವಂತೆ ಮಡಚಿ ಒಂದು ಕುರ್ಚಿಗೆ ಒರಗಿಸಿದರು. ಹಾರದ ಭಾರಕ್ಕೆ ಅದು ಮುಗ್ಗರಿಸಿತು. ಫೋಟೋಗ್ರಾಫರು ಎತ್ತಿ ನಿಲ್ಲಿಸಿ ಹಿಂದಿನಿಂದ ಹಿಡಿದುಕೊಳ್ಳುವಂತೆ ಮೀಟರ್ ಮಾವನಿಗೇ ಹೇಳಿದ. ಮೀಟರ್ ಮಾವ ಬಗ್ಗಿ ಹಿಡಿದುಕೊಂಡ. ಅಧ್ಯಕ್ಷರು ಇನ್ನೊಮ್ಮೆ ಹಾರ ಹಾಕಿ, ಕೈಮುಗಿದು, ಅಮ್ಮನವರ ಅಗಲಿಕೆಯಿಂದ ಊರಿಗೆ ತುಂಬಲಾರದ ನಷ್ಟವಾಗಿದೆ ಎಂದರು. ಅಮ್ಮನವರನ್ನು ಅವರು ನೋಡಿರಲೇ ಇಲ್ಲ.

ಒಳಗೆ ಹೆಂಗಸರು ಮಗಳನ್ನು ಸುತ್ತುವರಿದಿದ್ದರು. ಅಂಗಳದಲ್ಲಿ ಆಡಿದ ಮಾತು ಅಡುಗೆಮನೆ ಸೇರಲು ಎಷ್ಟು ಹೊತ್ತು ಬೇಕು? "ಹೆತ್ತ ತಾಯಿಗೆ ಒಂದು ದಿನ ತಡ್ಕೊಳ್ಳೋಕಾಗ್ಲಿಲ್ವಾ ಮಗಳೇ?" ಎಂದಿದ್ದಳು ಮೇಷ್ಟ್ರ ಹೆಂಡತಿ, ಬೈಯುವ ದನಿಯಲ್ಲೂ ಅಲ್ಲ, ಕನಿಕರದಲ್ಲಿ. "ನಿಮ್ಮಪ್ಪ ಪಾಪ ಅಷ್ಟು ಬೇಡ್ಕೊಂಡ್ರಂತೆ."

ಮಗಳು ಎದ್ದು ಒಳಕೋಣೆಗೆ ಹೋಗಿ ತನ್ನ ಬಟ್ಟೆ ಮಡಚತೊಡಗಿದಳು. ಕಾರು ಹೋಗಿ, ಅದರ ಹಿಂದೆಯೇ ಜನ ಕರಗಿ, ಕುರ್ಚಿಯವನು ಬಂದು ಕುರ್ಚಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಎತ್ತಿಕೊಂಡು ಹೋದ ಮೇಲೆ ಚೀಲ ಹಿಡಿದು ಹೊರಗೆ ಬಂದಳು.

"ಊಟ ಮಾಡಿಲ್ಲ ನೀನು," ಎಂದ ಅವನು.

"ನಾನು ಎರಡು ವಾರ ರಜ ಹಾಕಿ ಬಂದಿದ್ದೆ ಅಪ್ಪ." ಚಪ್ಪಲಿಯ ಪಟ್ಟಿ ಎಳೆಯಲು ಬಗ್ಗಿದವಳು ಬಗ್ಗಿಕೊಂಡೇ ಹೇಳಿದಳು. "ನಿನ್ನ ಜೊತೆ ಇರೋಣ ಅಂತ."

"ಅದು, ಏನೋ ಬಾಯಿಗೆ ಬಂತು. ಮೇಷ್ಟ್ರು ಹಂಗೆ ಎಲ್ಲರ ಮುಂದೆ ಕೇಳಿದ್ರಲ್ಲ."

"ಹೌದು. ಎಲ್ಲರ ಮುಂದೆ." ಅವಳು ನೆಟ್ಟಗಾದಳು. ಅಳುತ್ತಿರಲಿಲ್ಲ. ಅಳುತ್ತಿದ್ದರೆ ಅವನಿಗೆ ಏನು ಮಾಡಬೇಕೆಂದು ಗೊತ್ತಿತ್ತು. "ಜನ ಬಂದ್ರಲ್ಲ, ಸಮಾಧಾನ ಆಯ್ತಾ?"

ಉತ್ತರಕ್ಕೆ ಕಾಯದೆ ಗೇಟು ತೆರೆದಳು. ನೇತುಹಾಕಿದ ಹಾರಗಳ ಭಾರಕ್ಕೆ ಗೇಟು ಅರ್ಧಕ್ಕೇ ನಿಂತಿತು. ಅವಳು ಅಡ್ಡಡ್ಡವಾಗಿ ನುಸುಳಿ ಹೋದಳು. ಬಸ್ ನಿಲ್ದಾಣದ ಕಡೆಯ ತಿರುವಿನಲ್ಲಿ ತಿರುಗಿ ನೋಡುತ್ತಾಳೇನೋ ಎಂದು ಅವನು ನಿಂತೇ ಇದ್ದ. ನೋಡಲಿಲ್ಲ.

ಮನೆಯೊಳಗೆ ಬಂದ. ನಡುಮನೆಯ ನೆಲ ಇನ್ನೂ ತೇವವಾಗಿತ್ತು. ಹಸಿವಾಗುತ್ತಿತ್ತು, ಹಸಿವಾಗುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ಅಡುಗೆಮನೆಗೆ ಹೋಗಿ ಬೆಳಕಿಲ್ಲದ ಕಪಾಟಿನಲ್ಲಿ ಲೋಟ ತಡಕಿದ. ಒಂದು ಪಾತ್ರೆ ಜಾರಿ ನೆಲಕ್ಕೆ ಬಿದ್ದು ಉರುಳಾಡಿ ಸದ್ದು ಮಾಡಿತು.

"ಇದೀಯಾ? ನಾನೆಲ್ಲೋ ಮನೇಲಿಲ್ಲ ಅಂದ್ಕೊಂಡೆ ಕಣೇ ಬಾಯಿಬಡುಕಿ," ಎಂದಿತು ಹಿತ್ತಲ ಕಡೆಯಿಂದ ಒಂದು ಹೆಣ್ಣುದನಿ.

ಮೀಟರ್ ಮಾವ ನಿಂತಲ್ಲೇ ನಿಂತ. ಈ ಮನೆಯಲ್ಲಿ ಬಾಯಿಬಡುಕಿ ಎನಿಸಿಕೊಳ್ಳುವವರು ಯಾರೂ ಇರಲಿಲ್ಲ. ಯಾರೋ ಮನೆ ತಪ್ಪಿ ಬಂದಿರಬೇಕೆಂದುಕೊಂಡ. ಕಿಟಕಿಯ ಸಂದಿಯಿಂದ ನೋಡಿದರೆ ವಯಸ್ಸಾದ ಹೆಂಗಸೊಬ್ಬಳು ತಲೆಯ ಮೇಲಿನ ಸೊಪ್ಪಿನ ಬುಟ್ಟಿಯನ್ನು ಇಳಿಸಿ, ಹಿತ್ತಲ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದಳು. ಅದು ಅವಳ ಮಾಮೂಲಿ ಜಾಗವೆಂಬುದು ಅವಳು ಕಾಲು ಚಾಚಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಅವನು ಅವಳನ್ನು ಎಂದೂ ಕಂಡಿರಲಿಲ್ಲ. ಈ ಹೊತ್ತಿನಲ್ಲಿ ಅವನು ಮನೆಯಲ್ಲಿ ಇದ್ದದ್ದೇ ಇಲ್ಲ.

"ಹೋದ ವಾರ ಅರ್ಧಕ್ಕೆ ನಿಲ್ಸಿದ್ಯಲ್ಲ, ಆ ಕತೆ ಹೇಳಿ ಮುಗಿಸು ಮೊದ್ಲು," ಎಂದಳು ಅವಳು ಸೊಪ್ಪಿನ ಕಟ್ಟು ಬಿಚ್ಚುತ್ತ. "ದಾರಿಯುದ್ದಕ್ಕೂ ನೆನೆಸ್ಕೊಂಡು ನಗ್ತಾ ಹೋದೆ. ಬಸ್ಸಲ್ಲಿ ಪಕ್ಕದೋಳು ಇವಳಿಗೇನು ಹುಚ್ಚಾ ಅಂತ ನೋಡ್ತಿದ್ಲು."

ಅವಳು ಒಬ್ಬಳೇ ನಕ್ಕಳು. ಹಳದಿ ಎಲೆಗಳನ್ನು ಕಿತ್ತು ಪಕ್ಕಕ್ಕೆ ಎಸೆದಳು. ಗಿಡದಿಂದ ಹಕ್ಕಿಯೊಂದು ಇಳಿದು ಬಂದು ಆ ಎಲೆಗಳನ್ನು ಕೆದಕಿ ನೋಡಿ ಹೋಯಿತು. ಮೀಟರ್ ಮಾವ ಬಾಗಿಲ ಬಳಿ ಬಂದು ಚಿಲಕದ ಮೇಲೆ ಕೈಯಿಟ್ಟ. ಇಂಥ ಸುದ್ದಿಯನ್ನು ಹೇಗೆ ಹೇಳಬೇಕೆಂದು ಊರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಯಾಕೆ ಇವತ್ತು ಬಾಯೇ ಬಿಡ್ತಿಲ್ಲ?" ಎಂದಳು ಅವಳು, ತಿರುಗದೆ. "ನಿಮ್ಮೆಜಮಾನ್ರು ಯಾರ ಮಣ್ಣಿಗೆ ಹೋದ್ರೇ?"

ಚಿಲಕ ತಣ್ಣಗಿತ್ತು. ಹೊರಗೆ ಅವಳು ಸೊಪ್ಪನ್ನು ಬಿಡಿಸಿ ಮಡಿಲಲ್ಲಿ ಹಾಕಿಕೊಳ್ಳುತ್ತ ಉತ್ತರಕ್ಕೆ ಕಾಯುತ್ತಿದ್ದಳು.